ತವರಿನ ಬಳುವಳಿ

ಹಲಸಿನ ಹಣ್ಣು ಕೊಯ್ದಿಟ್ಟು ಅರ್ಧ ಗಂಟೆ ಕಳೆಯುವುದರೊಳಗೆ ಎಲ್ಲಿಂದಲೋ ಬಂದು ತೊಳೆಗಳ ಮೇಲೆ ಗಿರಕಿ ಹೊಡೆಯುವ, ಎಳ್ಳುಕಾಳಿನಷ್ಟೇ ಇರುವ ಕೆಂಪು ಕಣ್ಣಿನ ನೊಣಗಳನ್ನು ನೋಡದವರಿಲ್ಲ. ಮಾವಿನ ತೋಟದವರು ‘ಹಣ್ಣು ನೊಣ’ ಎಂದು ಶಾಪ ಹಾಕುವುದು ಬೇರೆ ಕುಟುಂಬದ, ನೋಡಲು ಕಣಜದಂತಿರುವ ದೊಡ್ಡ ನೊಣಕ್ಕೆ. ಅದು ಚೆನ್ನಾಗಿರುವ ಕಾಯಿಗೇ ಚುಚ್ಚಿ ಮೊಟ್ಟೆಯಿಡುತ್ತದೆ. ಅಡುಗೆಮನೆಯದು ಡ್ರೊಸೋಫಿಲಾ. ಹಣ್ಣು ಕಳಿತು ಹುಳಿಯತೊಡಗಿದಾಗ ಬರುವ, ಅದರ ಮೇಲೆ ಬೆಳೆಯುವ ಯೀಸ್ಟ್ ತಿಂದು ಬದುಕುವ ಬಡಪಾಯಿ. ಒಂದು ಶತಮಾನದಿಂದ ತಳಿವಿಜ್ಞಾನದ ಪಾಠಗಳೆಲ್ಲ ಹೆಚ್ಚುಕಡಿಮೆ ಈ ನೊಣವನ್ನೇ ಸಾಕಿ, ಕೂಡಿಸಿ, ಎಣಿಸಿ ಕಲಿತವು. ಅಷ್ಟು ವರ್ಷ ಅಷ್ಟು ಜನ ಕಣ್ಣಿಟ್ಟು ನೋಡಿದ ಜೀವಿಯ ಮೈಯೊಳಗೆ ಇನ್ನೊಂದು ಸಂಸಾರ ನಡೆದಿದೆ, ಯಾವ ಮೊಟ್ಟೆ ಒಡೆಯಬೇಕು, ಯಾವ ಮಗ ಬದುಕಬೇಕು ಎಂಬುದರಲ್ಲಿ ಅದರ ಕೈವಾಡವೂ ಇದೆ ಎಂಬುದು ಮಾತ್ರ ಬಹಳ ತಡವಾಗಿ ತಿಳಿಯಿತು.

ಆ ಒಳಗಿನ ಒಕ್ಕಲಿನ ಹೆಸರು ವೊಲ್ಬಾಕಿಯಾ. 1924ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಿನ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದ ಮಾರ್ಷಲ್ ಹರ್ಟಿಗ್ ಮತ್ತು ಬರ್ಟ್ ವೊಲ್ಬಾಕ್ ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದರು; 1936ರಲ್ಲಿ ಹರ್ಟಿಗ್ ತನ್ನ ಜೊತೆಗಾರನ ಹೆಸರನ್ನೇ ಅದಕ್ಕಿಟ್ಟ. ಕೀಟ ಜಾತಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಇರಬಹುದೆಂದು ಇವತ್ತಿನ ಅಂದಾಜು. ನೆಗಡಿಯಂತೆ ಗಾಳಿಯಲ್ಲಿ ಹರಡುವುದು, ಕಾಲರಾದಂತೆ ನೀರಿನಲ್ಲಿ ಹರಡುವುದು ಇದಕ್ಕೆ ಗೊತ್ತಿಲ್ಲ. ಜೀವಕೋಶದ ಒಳಗೇ ಇದರ ವಾಸ, ಹೊರಗೆ ಬಂದರೆ ಹೆಚ್ಚು ಹೊತ್ತು ಬದುಕಿಲ್ಲ. ಹಾಗಾಗಿ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟಲು ಇರುವ ಹೆದ್ದಾರಿ ಒಂದೇ: ತಾಯಿಯ ಮೊಟ್ಟೆ. ಮೊಟ್ಟೆಯಲ್ಲಿ ಕೋಶರಸ ತುಂಬಿರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ಜಾಗ. ವೀರ್ಯಾಣುವಿನ ಕಥೆ ಬೇರೆ. ಅದು ತಯಾರಾಗುವಾಗ ತಲೆ, ಬಾಲ ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಡವಿ ಬಿಸಾಡುತ್ತದೆ. ಆ ಕಸದ ಜೊತೆ ವೊಲ್ಬಾಕಿಯಾವೂ ಆಚೆ ಹೋಗುತ್ತದೆ. ಅಂದರೆ ತಾಯಿ ತನ್ನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸೋಂಕನ್ನು ಸಮನಾಗಿ ಹಂಚುತ್ತಾಳೆ, ಆದರೆ ಮಗನಲ್ಲಿಗೆ ಬಂದ ಬ್ಯಾಕ್ಟೀರಿಯಾದ ವಂಶ ಅವನೊಂದಿಗೇ ಮುಗಿಯುತ್ತದೆ. ಮುಂದೆ ಹೇಳುವ ವಿಚಿತ್ರಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು ಎಂಬುದು ನನ್ನ ವಾದ. ವೊಲ್ಬಾಕಿಯಾ ನೊಣಕ್ಕೆ ರೋಗವೋ ಬಂಧುವೋ ಎಂಬ ಪ್ರಶ್ನೆಯನ್ನು ಎಷ್ಟು ಹಿಂಡಿದರೂ ರಸ ಬರುವುದಿಲ್ಲ. ಸೋಂಕು ಹೊತ್ತ ಹೆಣ್ಣುಮಕ್ಕಳು ಎಷ್ಟು ಹುಟ್ಟಿದರು ಎಂದು ಕೇಳಿದರೆ ಮಾತ್ರ ಕಡತ ತೆರೆದುಕೊಳ್ಳುತ್ತದೆ.

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಿ ಹಾಫ್‌ಮನ್, ಮೈಕೆಲ್ ಟುರೆಲಿ ಮತ್ತು ಅವರ ಸಂಗಡಿಗರು ಡ್ರೊಸೋಫಿಲಾ ಸಿಮ್ಯುಲನ್ಸ್ ಎಂಬ, ಅಡುಗೆಮನೆಯ ಮೆಲನೊಗ್ಯಾಸ್ಟರ್‌ನ ದಾಯಾದಿ ನೊಣವನ್ನು ಬೇರೆ ಬೇರೆ ಊರುಗಳಿಂದ ಹಿಡಿದು ತಂದು ಕೂಡಿಸಿ ನೋಡಿದರು. ದಕ್ಷಿಣದ ರಿವರ್‌ಸೈಡಿನ ಗಂಡು, ಉತ್ತರದ ವಾಟ್ಸನ್‌ವಿಲ್‌ನ ಹೆಣ್ಣು ಕೂಡಿದರೆ ಮೊಟ್ಟೆಗಳು ಬಹುಪಾಲು ಒಡೆಯಲೇ ಇಲ್ಲ. ಅದನ್ನೇ ತಿರುಗಿಸಿ ವಾಟ್ಸನ್‌ವಿಲ್‌ನ ಗಂಡಿಗೆ ರಿವರ್‌ಸೈಡಿನ ಹೆಣ್ಣನ್ನು ಕೂಡಿಸಿದರೆ ಏನೂ ತೊಂದರೆಯಿಲ್ಲ. ಜಾತಿ ಒಂದೇ, ರೂಪ ಒಂದೇ; ಸಂಬಂಧ ಮಾತ್ರ ಒಂದು ಕಡೆಯಿಂದ ಕೂಡಿಬರುತ್ತದೆ, ಇನ್ನೊಂದು ಕಡೆಯಿಂದ ಕೂಡಿಬರುವುದಿಲ್ಲ. ರಿವರ್‌ಸೈಡಿನ ನೊಣಗಳಲ್ಲಿ ವೊಲ್ಬಾಕಿಯಾ ಇತ್ತು, ಉತ್ತರದವುಗಳಲ್ಲಿ ಇರಲಿಲ್ಲ. ಇಂಥ ಪ್ರಯೋಗದಲ್ಲಿ ಕಣ್ಣಿಗೆ ಕಾಣುವುದು ತೀರಾ ಸಾಧಾರಣ ನೋಟ. ದ್ರಾಕ್ಷಿರಸ ಬೆರೆಸಿದ ಅಗರ್ ತಟ್ಟೆಯ ಮೇಲೆ ಅರ್ಧ ಮಿಲಿಮೀಟರ್ ಉದ್ದದ, ಅಕ್ಕಿಕಾಳಿನ ಆಕಾರದ ಬಿಳಿ ಮೊಟ್ಟೆಗಳು. ಪ್ರತಿಯೊಂದರ ತುದಿಯಲ್ಲಿ ಎರಡು ಎಳೆ ಮೀಸೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಹೆಚ್ಚುಕಡಿಮೆ ಒಂದು ದಿನಕ್ಕೆ ಮೊಟ್ಟೆ ಒಡೆದು, ಸೊರಗಿದ ಸಿಪ್ಪೆ ಉಳಿದು, ಮರಿಹುಳು ಸರಿದು ಹೋಗಿರುತ್ತದೆ. ಹೊಂದಾಣಿಕೆಯಾಗದ ಜೋಡಿಯ ತಟ್ಟೆಯಲ್ಲಿ ಮರುದಿನವೂ ಮೊಟ್ಟೆಗಳು ಹಾಗೆಯೇ ತುಂಬಿಕೊಂಡು ಬಿದ್ದಿರುತ್ತವೆ. ಒಳಗೆ ನಡೆದದ್ದು ಇಷ್ಟು: ವೀರ್ಯಾಣು ಬಂದು ಸೇರಿದೆ, ಆದರೆ ಮೊದಲ ಕೋಶವಿಭಜನೆಯ ಹೊತ್ತಿಗೆ ತಂದೆಯ ವರ್ಣತಂತುಗಳು ಸರಿಯಾಗಿ ಸುತ್ತಿಕೊಂಡು ಸಿದ್ಧವಾಗಿಲ್ಲ. ತಾಯಿಯವು ಹೊರಟು ನಿಂತಿವೆ, ತಂದೆಯವು ಜಗ್ಗಿ ಹರಿದು ಹಿಂದೆ ಬಿದ್ದಿವೆ. ಭ್ರೂಣ ಅಲ್ಲಿಗೇ ನಿಲ್ಲುತ್ತದೆ. ತಾಯಿಗೂ ಸೋಂಕಿದ್ದರೆ ಈ ತೊಡಕೇ ಇಲ್ಲ. ಗಂಡಿನ ಮೈಯಲ್ಲಿದ್ದಾಗ ಬ್ಯಾಕ್ಟೀರಿಯಾ ವೀರ್ಯಾಣುವಿಗೆ ಒಂದು ಗಂಟು ಹಾಕಿ ಕಳಿಸುತ್ತದೆ. ಅದನ್ನು ಬಿಚ್ಚುವ ಬೆರಳು ಸೋಂಕಿತ ತಾಯಿಯ ಮೊಟ್ಟೆಯಲ್ಲಿ ಮಾತ್ರ ಇದೆ.

ಸೋಂಕಿತ ಗಂಡಿನ ಮಕ್ಕಳನ್ನು ಕೊಂದರೆ ಬ್ಯಾಕ್ಟೀರಿಯಾಕ್ಕೆ ಸಿಕ್ಕಿದ್ದೇನು? ಈ ಪ್ರಶ್ನೆಗೆ ಪದಗಳಿಗಿಂತ ಅಂಕಿಗಳು ಚೆನ್ನಾಗಿ ಉತ್ತರ ಕೊಡುತ್ತವೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 100 ಹೆಣ್ಣು ನೊಣಗಳಲ್ಲಿ 60ಕ್ಕೆ ಸೋಂಕು, 40ಕ್ಕೆ ಇಲ್ಲ. ಗಂಡುಗಳಲ್ಲೂ ಅದೇ ಪ್ರಮಾಣ ಎಂದಿಟ್ಟುಕೊಳ್ಳಿ. ಸೋಂಕಿಲ್ಲದ ಹೆಣ್ಣು 10 ಮೊಟ್ಟೆಯಿಟ್ಟರೆ, ಸೋಂಕಿನ ಭಾರ ಹೊತ್ತ ಹೆಣ್ಣು 9 ಮಾತ್ರ ಇಡುತ್ತದೆ ಎನ್ನೋಣ. ಹೊಂದಾಣಿಕೆಯಾಗದ ಜೋಡಿಯಲ್ಲಿ ಅರ್ಧ ಮೊಟ್ಟೆ ಹಾಳು; ಬಯಲಿನಲ್ಲಿ ಬೆಳೆದ ಸಿಮ್ಯುಲನ್ಸ್ ಗಂಡುಗಳಲ್ಲಿ ಕಂಡ ನಷ್ಟವೂ ಸುಮಾರು ಅಷ್ಟೇ. ಸೋಂಕಿತ 60 ಹೆಣ್ಣುಗಳ 540 ಮೊಟ್ಟೆಗಳೂ ಒಡೆಯುತ್ತವೆ, ಅವಕ್ಕೆ ಯಾವ ಗಂಡಾದರೂ ಸರಿ. ಸೋಂಕಿಲ್ಲದ 40ರಲ್ಲಿ 24ಕ್ಕೆ ಸೋಂಕಿತ ಗಂಡು ಗಂಟುಬೀಳುತ್ತದೆ, ಅವುಗಳ 240ರಲ್ಲಿ 120 ಉಳಿಯುತ್ತವೆ. ಮಿಕ್ಕ 16ರ 160 ಕ್ಷೇಮ. ಒಟ್ಟು 820 ಮರಿಗಳಲ್ಲಿ 540, ಅಂದರೆ ಶೇ. 66ರಷ್ಟು ಸೋಂಕಿತ. ಶೇ. 60 ಇದ್ದದ್ದು ಒಂದೇ ಪೀಳಿಗೆಯಲ್ಲಿ ಶೇ. 66ಕ್ಕೆ ಏರಿತು, ಅದೂ ಹೊತ್ತವಳ ಮೊಟ್ಟೆಯಲ್ಲಿ ಹತ್ತನೇ ಒಂದು ಪಾಲು ಕಸಿದುಕೊಂಡು. ಇಲ್ಲಿ ಸೋಂಕಿತ ಹೆಣ್ಣಿಗೆ ಬ್ಯಾಕ್ಟೀರಿಯಾ ಕೊಟ್ಟದ್ದು ಏನೂ ಇಲ್ಲ. ಪಕ್ಕದ ಮನೆಯವಳ ಮಕ್ಕಳನ್ನು ಕಡಿಮೆ ಮಾಡಿತು, ಅಷ್ಟೇ. ಆ ಕೆಲಸಕ್ಕೆ ಸೋಂಕಿತ ಗಂಡುಮಕ್ಕಳನ್ನು ಬಳಸಿಕೊಂಡಿತು. ತನ್ನ ಪಾಲಿಗೆ ಹೇಗೂ ಮುಂದೆ ದಾರಿಯಿಲ್ಲದ ಮಗ, ಎದುರಾಳಿಯ ಒಲೆಗೆ ನೀರು ಸುರಿಯುವುದಕ್ಕಾದರೂ ಆದ.

ಲೆಕ್ಕವನ್ನು ಅರ್ಧಕ್ಕೇ ಬಿಟ್ಟರೆ ಅದು ಮೋಸವಾಗುತ್ತದೆ. ಸೋಂಕಿತರು 100ಕ್ಕೆ 5 ಮಾತ್ರ ಇದ್ದರೆ? ಆಗ ಸೋಂಕಿತ ಹೆಣ್ಣುಗಳ ಮೊಟ್ಟೆ 45. ಸೋಂಕಿಲ್ಲದ 95 ಹೆಣ್ಣುಗಳಿಗೆ ಸೋಂಕಿತ ಗಂಡು ಎದುರಾಗುವುದೇ ಅಪರೂಪ, 950ರಲ್ಲಿ ಸುಮಾರು 24 ಮೊಟ್ಟೆ ಹಾಳಾದವು, 926 ಉಳಿದವು. ಸೋಂಕಿತರ ಪಾಲು ಶೇ. 5ರಿಂದ ಶೇ. 4.6ಕ್ಕೆ ಇಳಿಯಿತು. ಹೀಗೇ ನಡೆದರೆ ಹತ್ತಾರು ಪೀಳಿಗೆಗಳಲ್ಲಿ ಸೋಂಕು ಅಳಿದೇ ಹೋಗುತ್ತದೆ. ವಿರೋಧಿಸುವವರು ಹಿಡಿಯುವುದು ಇದನ್ನೇ: ಹಾಗಾದರೆ ಅದು ಮೊದಲು ಕಾಲೂರಿದ್ದು ಹೇಗೆ? ನ್ಯಾಯವಾದ ಪ್ರಶ್ನೆ. ಮೊಟ್ಟೆ ಕೊಲ್ಲುವ ತಂತ್ರ ಸಂಖ್ಯಾಬಲ ಇರುವವರ ಅಸ್ತ್ರ. ತೀರಾ ಅಲ್ಪಸಂಖ್ಯೆಯಲ್ಲಿದ್ದಾಗ ಅದು ಕೆಲಸಕ್ಕೆ ಬಾರದು. ಒಂದು ಸಣ್ಣ ಗುಂಪಿನಲ್ಲಿ ಬರಿಯ ಅದೃಷ್ಟದಿಂದ ಸಂಖ್ಯೆ ಏರಿರಬೇಕು, ಇಲ್ಲವೇ ಹೊತ್ತವಳಿಗೆ ಬೇರೇನೋ ಒಂದು ಲಾಭ ಇದ್ದಿರಬೇಕು. ಈ ಎರಡನೆಯ ಸಾಧ್ಯತೆಗೆ ಆಮೇಲೆ ಬರುತ್ತೇನೆ. ಒಮ್ಮೆ ಹೊಸ್ತಿಲು ದಾಟಿತೆಂದರೆ ಮುಂದಿನದು ಓಟವೇ. ಹಾಫ್‌ಮನ್ ಮತ್ತು ಟುರೆಲಿ ಕಣ್ಣೆದುರೇ ಅದನ್ನು ಕಂಡರು: ದಕ್ಷಿಣ ಕ್ಯಾಲಿಫೋರ್ನಿಯಾದ ಸೋಂಕು ಬೆಟ್ಟ ದಾಟಿ ವರ್ಷಕ್ಕೆ 100 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಹರಡಿತು ಎಂದು 1991ರಲ್ಲಿ ವರದಿ ಮಾಡಿದರು. ಅಷ್ಟು ದೂರ ನೊಣವೇ ಹಾರಿತು ಎಂದೇನೂ ಇಲ್ಲ. ಹಣ್ಣಿನ ಲಾರಿಗಳೂ ಓಡಾಡುತ್ತವಲ್ಲ.

ಇನ್ನೊಂದು ಆಕ್ಷೇಪ ಪ್ರಯೋಗದ ವಿಧಾನದ ಮೇಲೆ. ವೊಲ್ಬಾಕಿಯಾದ್ದೇ ಈ ಕೆಲಸ ಎಂದು ಬಹಳ ಕಾಲ ತೋರಿಸಿದ್ದು ನೊಣಗಳಿಗೆ ಟೆಟ್ರಾಸೈಕ್ಲಿನ್ ತಿನ್ನಿಸಿ. ಆ್ಯಂಟಿಬಯೋಟಿಕ್ ಕೊಟ್ಟರೆ ಸೋಂಕು ಹೋಗುತ್ತದೆ, ಆ ಗಂಡುಗಳ ಜೊತೆ ಯಾವ ಹೆಣ್ಣನ್ನು ಕೂಡಿಸಿದರೂ ಮೊಟ್ಟೆ ಒಡೆಯುತ್ತದೆ. ಆದರೆ ಆ ಔಷಧ ನೊಣದ ಹೊಟ್ಟೆಯ ಇತರ ಬ್ಯಾಕ್ಟೀರಿಯಾಗಳನ್ನೂ ತೊಳೆದು ಹಾಕುತ್ತದೆ, ಕೋಶದೊಳಗಿನ ಮೈಟೊಕಾಂಡ್ರಿಯಾಕ್ಕೂ ಕಿರುಕುಳ ಕೊಡುತ್ತದೆ. ಕಳ್ಳ ಇವನೇ ಎಂದು ಹೇಗೆ ಹೇಳುತ್ತೀರಿ ಎಂಬ ತಕರಾರು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಪೂರಾ ಉತ್ತರ ಸಿಕ್ಕಿದ್ದು 2017ರಲ್ಲಿ. ಅಮೆರಿಕದ ಯೇಲ್ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳ ಎರಡು ತಂಡಗಳು ಬೇರೆ ಬೇರೆಯಾಗಿ ವೊಲ್ಬಾಕಿಯಾದ ಒಂದು ಜೋಡಿ ಜೀನ್‌ಗಳ ಮೇಲೆ ಬೆರಳಿಟ್ಟವು. ಸೋಂಕೇ ಇಲ್ಲದ ಗಂಡು ನೊಣದ ಮೈಗೆ ಆ ಎರಡು ಜೀನ್‌ಗಳನ್ನು ಸೇರಿಸಿದಾಗ, ಒಂದೂ ಬ್ಯಾಕ್ಟೀರಿಯಾ ಇಲ್ಲದೆ ಅದು ಕೂಡಿದ ಸೋಂಕಿಲ್ಲದ ಹೆಣ್ಣಿನ ಮೊಟ್ಟೆಗಳು ಸತ್ತವು. ಸೋಂಕಿತ ಹೆಣ್ಣಿನ ಜೊತೆ ಕೂಡಿಸಿದರೆ ಬದುಕಿದವು. ಜೋಡಿಯಲ್ಲಿ ಒಂದು ಜೀನನ್ನು ಹೆಣ್ಣಿನ ಮೊಟ್ಟೆಗೆ ಸೇರಿಸಿದರೆ ಅದೊಂದೇ ಸಾವನ್ನು ತಪ್ಪಿಸುತ್ತದೆ ಎಂಬುದೂ ಮರುವರ್ಷ ಖಚಿತವಾಯಿತು. ಗಂಟು ಹಾಕುವುದಕ್ಕೆ ಎರಡು ಕೈ, ಬಿಚ್ಚುವುದಕ್ಕೆ ಒಂದು. ಇದರಲ್ಲಿ ಇನ್ನೂ ಒಂದು ತಮಾಷೆ ಉಂಟು: ಈ ಜೀನ್‌ಗಳು ಇರುವುದು ವೊಲ್ಬಾಕಿಯಾದ ಡಿಎನ್‌ಎಯೊಳಗೆ ಸೇರಿಕೊಂಡು ಕೂತ ಒಂದು ವೈರಸ್ಸಿನ ಭಾಗದಲ್ಲಿ. ನೊಣದೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ವೈರಸ್; ಬಾಡಿಗೆಗೆ ಬಂದವನ ಮನೆಯಲ್ಲಿ ಒಳಬಾಡಿಗೆಯವನು.

ತಾಯಿಯ ದಾರಿ ಮಾತ್ರ ಇರುವ ಬ್ಯಾಕ್ಟೀರಿಯಾಕ್ಕೆ ಮಗ ಬೇಡವಾದವನು ಎಂಬ ಮಾತಿಗೆ ಇನ್ನೂ ಒರಟಾದ ಸಾಕ್ಷಿ ಸ್ಪೈರೊಪ್ಲಾಸ್ಮಾ ಎಂಬ ಬೇರೊಂದು ಬ್ಯಾಕ್ಟೀರಿಯಾದ್ದು. ಅದಕ್ಕೆ ಕೋಶಭಿತ್ತಿಯಿಲ್ಲ, ಸುರುಳಿಯಾಗಿ ನೊಣದ ರಕ್ತದಲ್ಲಿ ಈಜಾಡುತ್ತದೆ, ಅಂಡಾಶಯಕ್ಕೆ ನುಗ್ಗಿ ಮೊಟ್ಟೆ ಸೇರುತ್ತದೆ. ದಕ್ಷಿಣ ಅಮೆರಿಕದ ಕೆಲವು ಡ್ರೊಸೋಫಿಲಾ ಹೆಣ್ಣುಗಳು ಹೆಣ್ಣುಮಕ್ಕಳನ್ನೇ ಹೆರುತ್ತವೆ ಎಂಬುದು 1950ರ ದಶಕದಿಂದ ತಿಳಿದಿತ್ತು. 1961ರಲ್ಲಿ ಪೌಲ್ಸನ್ ಮತ್ತು ಸಕಗುಚಿ ಅದರ ಹಿಂದೆ ಸುರುಳಿಯಾಕಾರದ ಒಂದು ಸೂಕ್ಷ್ಮಜೀವಿ ಇದೆಯೆಂದು ತೋರಿಸಿದರು. ಸೋಂಕಿತ ತಾಯಿಯ ಗಂಡು ಭ್ರೂಣಗಳು ಮೊಟ್ಟೆಯಲ್ಲೇ ಸಾಯುತ್ತವೆ. ಇದು ಗಂಡನ್ನು ಗುರುತು ಹಿಡಿಯುವ ಬಗೆ ಮಾತ್ರ ನಿಜಕ್ಕೂ ನಿಂತು ನೋಡುವಂಥದ್ದು. ನೊಣಗಳಲ್ಲೂ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದೇ. ಆ ಕೊರತೆ ತುಂಬಲು ಗಂಡಿನ ಕೋಶದಲ್ಲಿ ಪ್ರೋಟೀನುಗಳ ಒಂದು ತಂಡ ಒಂಟಿ ಎಕ್ಸ್ ಮೇಲೆ ಕೂತು ಅದರಿಂದ ಎರಡರಷ್ಟು ದುಡಿಸುತ್ತದೆ. ಹೆಣ್ಣಿನಲ್ಲಿ ಆ ತಂಡ ಕಟ್ಟಿಕೊಳ್ಳುವುದೇ ಇಲ್ಲ. ಸ್ಪೈರೊಪ್ಲಾಸ್ಮಾದ ವಿಷ ಹೋಗಿ ಹಿಡಿಯುವುದು ಇದೇ ದುಡಿಮೆಯ ಎಕ್ಸನ್ನು; ವರ್ಣತಂತು ತುಂಡಾಗುತ್ತದೆ, ಕೋಶಗಳು ಸಾಯುತ್ತವೆ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಹರುಮೊಟೊ ಮತ್ತು ಲೆಮೇತ್ರ್ 2018ರಲ್ಲಿ ಆ ಪ್ರೋಟೀನನ್ನು ಪತ್ತೆಹಚ್ಚಿ ‘ಸ್ಪೇಡ್’ ಎಂದು ಕರೆದರು. ಅದೊಂದನ್ನೇ ನೊಣದ ಮೈಯಲ್ಲಿ ತಯಾರಾಗುವಂತೆ ಮಾಡಿದರೂ ಸತ್ತದ್ದು ಗಂಡುಗಳು, ಬದುಕಿದ್ದು ಹೆಣ್ಣುಗಳು. ಗಂಡಿನ ಗುರುತೇ ಗಂಡಿನ ಕೊರಳಿಗೆ ಉರುಳಾಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಮಗ ಬ್ಯಾಕ್ಟೀರಿಯಾಕ್ಕೆ ಪ್ರಯೋಜನವಿಲ್ಲ, ಸರಿ. ಆದರೆ ಅವನನ್ನು ಕೊಂದರೆ ಬರುವ ಲಾಭವೇನು? ಸುಮ್ಮನೆ ಬಿಟ್ಟರೂ ಆಗುತ್ತಿತ್ತಲ್ಲ? ಒಂದೇ ಹಣ್ಣಿನ ಚೂರಿನಲ್ಲಿ ಹತ್ತಾರು ಮರಿಹುಳುಗಳು ತಿನ್ನಲು ಪೈಪೋಟಿ ನಡೆಸುವಾಗ ಅಣ್ಣತಮ್ಮಂದಿರ ಪಾಲು ಅಕ್ಕತಂಗಿಯರಿಗೆ ಸಿಗುತ್ತದೆ, ಅವರು ಸೋಂಕಿನ ವಾರಸುದಾರರು ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಹಾಗಾದರೆ ತಿನ್ನಲು ಬೇಕಾದಷ್ಟಿದ್ದು ಪೈಪೋಟಿ ಇಲ್ಲದ ಕಡೆ ಈ ಕೊಲೆ ಲೆಕ್ಕಕ್ಕೆ ಬರಬಾರದು, ಬೇರೊಂದು ಲಾಭ ಇದ್ದರಷ್ಟೇ ಸೋಂಕು ನಿಲ್ಲಬೇಕು. ಸ್ಪೈರೊಪ್ಲಾಸ್ಮಾದ ಬಳಗದಲ್ಲೇ ಇದಕ್ಕೆ ಉದಾಹರಣೆ ಇದೆ. ಉತ್ತರ ಅಮೆರಿಕದ ಕಾಡಿನಲ್ಲಿ ಅಣಬೆ ತಿಂದು ಬೆಳೆಯುವ ಡ್ರೊಸೋಫಿಲಾ ನಿಯೊಟೆಸ್ಟೇಸಿಯಾ ಎಂಬ ನೊಣದಲ್ಲಿರುವ ಸ್ಪೈರೊಪ್ಲಾಸ್ಮಾ ಗಂಡುಗಳ ತಂಟೆಗೆ ಹೋಗುವುದಿಲ್ಲ. ಆ ನೊಣಕ್ಕೆ ಒಂದು ದಾರದಂಥ ಹುಳುವಿನ ಕಾಟ. ಹುಳು ಹೊಕ್ಕ ಹೆಣ್ಣು ಹೆಚ್ಚುಕಡಿಮೆ ಬಂಜೆಯಾಗುತ್ತದೆ. ಸ್ಪೈರೊಪ್ಲಾಸ್ಮಾ ಇರುವ ಹೆಣ್ಣಿನಲ್ಲಿ ಆ ಹುಳು ಬೆಳೆಯದೆ ಕುಗ್ಗುತ್ತದೆ, ಹೆಣ್ಣು ಮೊಟ್ಟೆಯಿಡುತ್ತದೆ. 1980ರ ದಶಕದಲ್ಲಿ ಹಿಡಿದಿಟ್ಟಿದ್ದ ನೊಣಗಳಲ್ಲಿ ಈ ಸೋಂಕು ವಿರಳವಾಗಿತ್ತು, 2010ರ ಹೊತ್ತಿಗೆ ಪೂರ್ವ ಅಮೆರಿಕದಲ್ಲಿ ಅದು ಬಹುಪಾಲು ನೊಣಗಳಲ್ಲಿ ಕಂಡಿತು ಎಂದು ಜಾನ್ ಜೇನಿಕೆ ಮತ್ತು ಸಂಗಡಿಗರು ತೋರಿಸಿದರು. ಒಂದೇ ಬಳಗ. ಒಂದು ಕಡೆ ಕೊಲೆಗಾರ, ಇನ್ನೊಂದು ಕಡೆ ವೈದ್ಯ. ಹೆಣ್ಣುಮಕ್ಕಳ ಸಂಖ್ಯೆ ಎರಡೂ ಕಡೆ ಏರಿತು. ಆಶ್ರಯ ಕೊಟ್ಟ ಕೀಟ ಕೈಕಟ್ಟಿ ಕೂರುತ್ತದೆ ಎಂದೂ ಭಾವಿಸಬೇಕಿಲ್ಲ. ನಮ್ಮ ಪಶ್ಚಿಮಘಟ್ಟದಲ್ಲೂ ಹಾರಾಡುವ ಹೈಪೋಲಿಮ್ನಾಸ್ ಬೊಲಿನಾ ಚಿಟ್ಟೆಯಲ್ಲಿ, ಸಮೋವಾ ದ್ವೀಪಗಳಲ್ಲಿ, ಗಂಡುಕೊಲ್ಲುವ ವೊಲ್ಬಾಕಿಯಾದಿಂದಾಗಿ 2001ರಲ್ಲಿ ಗಂಡುಗಳು ನೂರಕ್ಕೆ ಒಂದರಷ್ಟಿದ್ದವು. 2006ರ ಹೊತ್ತಿಗೆ ಸುಮಾರು 40. ಬ್ಯಾಕ್ಟೀರಿಯಾ ಹಾಗೇ ಇತ್ತು. ಅದರ ಕೈ ತಡೆಯುವ ಜೀನ್ ಚಿಟ್ಟೆಗಳಲ್ಲಿ ಹಬ್ಬಿತ್ತು.

ಈ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಬಂದದ್ದು ಮತ್ತೆ ಕ್ಯಾಲಿಫೋರ್ನಿಯಾದಿಂದ. 1980ರ ದಶಕದಲ್ಲಿ ಅಲ್ಲಿನ ಸೋಂಕಿತ ಹೆಣ್ಣುಗಳು ಪ್ರಯೋಗಾಲಯದಲ್ಲಿ ಸೋಂಕಿಲ್ಲದವುಗಳಿಗಿಂತ ಶೇ. 15ರಿಂದ 20ರಷ್ಟು ಕಡಿಮೆ ಮೊಟ್ಟೆಯಿಡುತ್ತಿದ್ದವು. ಇಪ್ಪತ್ತು ವರ್ಷ ಕಳೆದು ಅದೇ ಪ್ರಯೋಗವನ್ನು ಮತ್ತೆ ಮಾಡಿ 2007ರಲ್ಲಿ ಪ್ರಕಟಿಸಿದಾಗ ತಕ್ಕಡಿ ತಿರುಗಿತ್ತು: ಸೋಂಕಿತ ಹೆಣ್ಣುಗಳು ಸುಮಾರು ಶೇ. 10ರಷ್ಟು ಹೆಚ್ಚು ಮೊಟ್ಟೆಯಿಡುತ್ತಿದ್ದವು. ಬದಲಾದದ್ದು ನೊಣವೋ ಬ್ಯಾಕ್ಟೀರಿಯಾವೋ ಎಂದು ಅದಲುಬದಲು ಮಾಡಿ ನೋಡಿದರೆ, ಬದಲಾವಣೆ ಹೆಚ್ಚಾಗಿ ಬ್ಯಾಕ್ಟೀರಿಯಾದ ಕಡೆಯದು. ಇದನ್ನು ‘ಶತ್ರು ಮಿತ್ರನಾದ’ ಕಥೆಯಾಗಿ ಬರೆಯುವ ಆಸೆ ಯಾರಿಗಾದರೂ ಆಗುತ್ತದೆ, ಬರೆದವರೂ ಇದ್ದಾರೆ. ನನಗೆ ಅದರಲ್ಲಿ ಅರೆಮನಸ್ಸು. ಯಾಕೆಂದರೆ ಸೋಂಕಿಲ್ಲದ ಹೆಣ್ಣಿನ ಮೊಟ್ಟೆ ಕೊಲ್ಲುವ ಕೆಲಸವನ್ನು ಅದು ಬಿಟ್ಟಿರಲಿಲ್ಲ. ಟುರೆಲಿ ಮೊದಲೇ ಲೆಕ್ಕ ಹಾಕಿ ಹೇಳಿದ್ದ ಮಾತು ಇಲ್ಲಿ ಬೆಳಕು ಕೊಡುತ್ತದೆ: ಸೋಂಕು ಊರೆಲ್ಲ ಹಬ್ಬಿದ ಮೇಲೆ ಗಂಡಿನ ಮೂಲಕ ಮೊಟ್ಟೆ ಕೊಲ್ಲುವ ಶಕ್ತಿ ಹೆಚ್ಚಿದ್ದರೂ ಕಡಿಮೆಯಿದ್ದರೂ ಅದನ್ನು ಹೊತ್ತ ವೊಲ್ಬಾಕಿಯಾಕ್ಕೆ ವಿಶೇಷ ಲಾಭ ನಷ್ಟ ಇಲ್ಲ. ಒಬ್ಬ ಸೋಂಕಿತ ಗಂಡು ಮಾಡುವ ಹಾನಿಯ ಫಲ ಎಲ್ಲ ಸೋಂಕಿತ ಹೆಣ್ಣುಗಳಿಗೂ ಹಂಚಿಹೋಗುತ್ತದೆ. ಆ ಗಂಡಿನಲ್ಲಿದ್ದ ಬ್ಯಾಕ್ಟೀರಿಯಾ ತಾನಂತೂ ಮುಂದಕ್ಕೆ ಹೋಗುವುದಿಲ್ಲ. ತನ್ನ ಹೆಣ್ಣು ಪಕ್ಕದವಳಿಗಿಂತ ಒಂದು ಮೊಟ್ಟೆ ಹೆಚ್ಚು ಇಟ್ಟರೆ ಮಾತ್ರ ಆ ಬ್ಯಾಕ್ಟೀರಿಯಾ ಗೆಲ್ಲುತ್ತದೆ. ಆದ್ದರಿಂದ ಹೆಣ್ಣಿಗೆ ಕೊಡುವ ತೊಂದರೆ ಕರಗಿತು, ಗಂಡಿನ ಕೈಯಲ್ಲಿ ಮಾಡಿಸುವ ಹಾನಿ ಹಾಗೇ ಉಳಿಯಿತು. ಒಂದೇ ಬ್ಯಾಕ್ಟೀರಿಯಾ, ಅದೇ ಇಪ್ಪತ್ತು ವರ್ಷ, ಎರಡು ಗುಣಗಳಿಗೆ ಎರಡು ಗತಿ. ಸ್ನೇಹ, ವೈರ ಎಂಬ ಮಾತುಗಳಿಂದ ಇದನ್ನು ವಿವರಿಸಲು ಹೊರಟರೆ ನಾಲಿಗೆ ತೊಡರುತ್ತದೆ.

ನಮ್ಮ ಅಡುಗೆಮನೆಯ ಮೆಲನೊಗ್ಯಾಸ್ಟರ್ ಈ ವಾದಕ್ಕೆ ಒಡ್ಡುವ ಸವಾಲು ಬೇರೆ ರೀತಿಯದು. ಅದರಲ್ಲಿರುವ ವೊಲ್ಬಾಕಿಯಾ ಮೊಟ್ಟೆ ಕೊಲ್ಲುವುದರಲ್ಲಿ ದುರ್ಬಲ. ಗಂಡು ತೀರಾ ಎಳೆಯದಾಗಿದ್ದರೆ ಸ್ವಲ್ಪ ಪರಿಣಾಮ ಕಾಣುತ್ತದೆ, ಕೆಲವು ದಿನ ಬೆಳೆದರೆ ಅದೂ ಇಲ್ಲ. ಆದರೂ ಜಗತ್ತಿನಾದ್ಯಂತ ಆ ಸೋಂಕು ಹರಡಿದೆ. ಹಾಗಿದ್ದರೆ ಸಂಖ್ಯಾಬಲದ ಅಸ್ತ್ರದ ವಿವರಣೆ ಇಲ್ಲಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. 2008ರಲ್ಲಿ ಎರಡು ತಂಡಗಳು ಕಂಡುಕೊಂಡಂತೆ, ವೊಲ್ಬಾಕಿಯಾ ಇರುವ ಮೆಲನೊಗ್ಯಾಸ್ಟರ್‌ಗೆ ಕೆಲವು ವೈರಸ್‌ಗಳನ್ನು ಚುಚ್ಚಿದರೆ ಸೋಂಕಿಲ್ಲದ ನೊಣಗಳಿಗಿಂತ ಬಹಳ ಹೆಚ್ಚು ದಿನ ಬದುಕುತ್ತದೆ. ಅಷ್ಟು ಹೊತ್ತು ಮೊಟ್ಟೆಯಿಡಲು ಸಮಯ ಸಿಕ್ಕಿತು. ಡ್ರೊಸೋಫಿಲಾ ಮಾರಿಷಿಯಾನಾ ಎಂಬ ಇನ್ನೊಂದು ಜಾತಿಯಲ್ಲಿ ಸೋಂಕಿತ ಹೆಣ್ಣು ಸೋಂಕಿಲ್ಲದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಮೊಟ್ಟೆಯಿಟ್ಟ ವರದಿಯೂ ಇದೆ. ಅಲ್ಲಿ ಬ್ಯಾಕ್ಟೀರಿಯಾ ಅಂಡಾಶಯದ ಕಾಂಡಕೋಶಗಳನ್ನು ಚುರುಕುಗೊಳಿಸುತ್ತದೆ. ಹಾಗಾದರೆ ನೊಣದ ಆಯಸ್ಸನ್ನೇ ಅರ್ಧಕ್ಕೆ ಇಳಿಸುವ ವೊಲ್ಬಾಕಿಯಾ ಇರುವುದು ಹೇಗೆ? ಅದೂ ಇದೆ. 1997ರಲ್ಲಿ ಮಿನ್ ಮತ್ತು ಬೆಂಜರ್ ವಿವರಿಸಿದ ‘ಪಾಪ್‌ಕಾರ್ನ್’ ಬಗೆಯದು ಪ್ರಾಯದ ನೊಣದ ಮಿದುಳಿನಲ್ಲಿ ಹೊಟ್ಟಿನಂತೆ ತುಂಬಿ ಅದನ್ನು ಕೊಲ್ಲುತ್ತದೆ. ಅದು ಸಿಕ್ಕಿದ್ದು ಪ್ರಯೋಗಾಲಯದ ಸೀಸೆಯೊಳಗೆ ಎಂಬುದನ್ನು ಮಾತ್ರ ಮರೆಯಬಾರದು. ಸೀಸೆಯ ನೊಣಗಳನ್ನು ಎರಡು ಮೂರು ವಾರಕ್ಕೊಮ್ಮೆ ಹೊಸ ಸೀಸೆಗೆ ದಾಟಿಸುತ್ತಾರೆ. ಎಳೆಯ ಪ್ರಾಯದಲ್ಲಿ ಇಟ್ಟ ಮೊಟ್ಟೆಯಷ್ಟೇ ಮುಂದಿನ ಪೀಳಿಗೆ. ಆಮೇಲೆ ಹಳೆಯ ನೊಣ ಸತ್ತರೂ ಇದ್ದರೂ ಕಡತದಲ್ಲಿ ಒಂದು ಗೆರೆಯೂ ಬೀಳುವುದಿಲ್ಲ.

‘ಬ್ಯಾಕ್ಟೀರಿಯಾ ಲೆಕ್ಕ ಹಾಕುತ್ತದೆ’, ‘ಬಳಸಿಕೊಳ್ಳುತ್ತದೆ’ ಎಂದೆಲ್ಲ ಬರೆದರೆ ಅದಕ್ಕೆ ಬುದ್ಧಿ ಹಚ್ಚಿದಂತಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಭಾಷೆಯ ಚಾಳಿ ಅದು. ನದಿ ದಾರಿ ಹುಡುಕುತ್ತದೆ ಎಂದಾಗ ನದಿಗೆ ಕಣ್ಣಿದೆ ಎಂದು ಯಾರೂ ತಿಳಿಯುವುದಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಎಚ್ಚರಿಕೆ ಪ್ರಯೋಗಾಲಯದ್ದು. ಅಮೆರಿಕದ ಬ್ಲೂಮಿಂಗ್‌ಟನ್‌ನಲ್ಲಿರುವ ದೊಡ್ಡ ಡ್ರೊಸೋಫಿಲಾ ಸಂಗ್ರಹದ ತಳಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 30ರಲ್ಲಿ ವೊಲ್ಬಾಕಿಯಾ ಇತ್ತು ಎಂದು 2005ರಲ್ಲಿ ವರದಿಯಾಯಿತು. ‘ಸೆಕ್ಸ್-ಲೀಥಲ್’ ಎಂಬ ಜೀನಿನಲ್ಲಿ ದೋಷವಿದ್ದು ಬಂಜೆಯಾಗಬೇಕಾದ ಹೆಣ್ಣು ನೊಣಗಳು ವೊಲ್ಬಾಕಿಯಾ ಇದ್ದರೆ ಮೊಟ್ಟೆಯಿಡುತ್ತವೆ ಎಂದು 2002ರಲ್ಲೇ ತಿಳಿದಿತ್ತು. ಜೀನ್ ಕೆಟ್ಟಿದೆ, ಹೆಣ್ಣು ಮಾತ್ರ ಮೊಟ್ಟೆಯಿಡುತ್ತಿದೆ, ಹಾಗಾಗಿ ಈ ಜೀನಿಗೂ ಸಂತಾನಕ್ಕೂ ಸಂಬಂಧವಿಲ್ಲ ಎಂದು ಒಬ್ಬ ಸಂಶೋಧಕ ತೀರ್ಮಾನಿಸಿಬಿಟ್ಟರೆ, ಆ ತಪ್ಪಿಗೆ ಹೊಣೆ ಕಣ್ಣಿಗೆ ಕಾಣದ ಮೂರನೆಯವನು. ಮೈಸೂರಿನ ಮಾನಸಗಂಗೋತ್ರಿಯಲ್ಲೂ ದಶಕಗಳಿಂದ ಡ್ರೊಸೋಫಿಲಾ ತಳಿಗಳ ಸಂಗ್ರಹವಿದೆ, ಅಲ್ಲಿಂದ ಕಾಲೇಜುಗಳಿಗೆ ನೊಣಗಳು ಹೋಗುತ್ತವೆ. ಮೊಟ್ಟೆ ಎಣಿಸುವ ಯಾವ ಪ್ರಯೋಗಕ್ಕೂ ಮೊದಲು ಡಿಎನ್‌ಎ ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡಿ ವೊಲ್ಬಾಕಿಯಾ ಇದೆಯೇ ಎಂದು ನೋಡುವುದು ಎಲ್ಲ ಕಡೆಯೂ ರೂಢಿಯಾಗಬೇಕು. ಖರ್ಚು ದೊಡ್ಡದೇನಲ್ಲ.

ನೊಣದ ಈ ಸೋಂಕು ಈಗ ನೊಣದಲ್ಲೇ ಉಳಿದಿಲ್ಲ. ಇಂಥ ಹೊಂದಾಣಿಕೆಯಿಲ್ಲದ ಗಂಡುಗಳನ್ನು ಸೊಳ್ಳೆಯ ಮೇಲೆ ಪ್ರಯೋಗಿಸಿದ ಮೊದಲ ಸಾಹಸ ರಂಗೂನಿನ ಹತ್ತಿರದ ಓಕ್ಪೊ ಎಂಬ ಹಳ್ಳಿಯದು. 1967ರಲ್ಲಿ ಜರ್ಮನಿಯ ಹಾನ್ಸ್ ಲಾವೆನ್ ಹೊರಗಿನ ಗಂಡು ಸೊಳ್ಳೆಗಳನ್ನು ವಾರಗಟ್ಟಲೆ ಬಿಟ್ಟು ಅಲ್ಲಿನ ಆನೆಕಾಲು ರೋಗದ ಸೊಳ್ಳೆಗಳ ಮೊಟ್ಟೆ ಒಡೆಯದಂತೆ ಮಾಡಿದ. ಇದು ವೊಲ್ಬಾಕಿಯಾದ ಕೆಲಸ ಎಂದು ಯೆನ್ ಮತ್ತು ಬಾರ್ ತೋರಿಸಿದ್ದು ಅದಕ್ಕೂ ಆಮೇಲೆ, 1971ರಲ್ಲಿ. ಈಗಿನ ಯೋಜನೆ ಬೇರೆ. ಮೆಲನೊಗ್ಯಾಸ್ಟರ್‌ನ ವೊಲ್ಬಾಕಿಯಾವನ್ನು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಚುಚ್ಚಿ ಸೇರಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ತನ್ನ ಹಳೆಯ ಮನೆಯಲ್ಲಿ ಸೋಮಾರಿಯಾಗಿದ್ದ ಬ್ಯಾಕ್ಟೀರಿಯಾ ಹೊಸ ಮನೆಯಲ್ಲಿ ಸೋಂಕಿಲ್ಲದ ಹೆಣ್ಣುಗಳ ಮೊಟ್ಟೆಗಳನ್ನು ಬಹುಪಾಲು ಕೊಲ್ಲುತ್ತದೆ, ಹಾಗಾಗಿ ತಾನೇ ಹರಡುತ್ತದೆ, ಜೊತೆಗೆ ಡೆಂಗ್ಯೂ ವೈರಸ್ ಸೊಳ್ಳೆಯಲ್ಲಿ ಬೆಳೆಯದಂತೆ ತಡೆಯುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಕೇನ್ಸ್ ಬಳಿ ಇವನ್ನು ಬಿಡಲಾಯಿತು. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ನಡೆದ ಪ್ರಯೋಗದಲ್ಲಿ ಡೆಂಗ್ಯೂ ಪ್ರಕರಣಗಳು ಶೇ. 77ರಷ್ಟು ಇಳಿದವು ಎಂದು 2021ರಲ್ಲಿ ಪ್ರಕಟವಾಯಿತು. ನಮ್ಮ ಪುದುಚೇರಿಯಲ್ಲಿರುವ ಐಸಿಎಂಆರ್ ಸಂಸ್ಥೆಯೂ ಎರಡು ಬಗೆಯ ವೊಲ್ಬಾಕಿಯಾ ಹೊತ್ತ ಈಡಿಸ್ ತಳಿಗಳನ್ನು ಬೆಳೆಸಿಟ್ಟಿದೆ. ಎರಡು ಬಗೆ ಇರುವುದು ಒಳ್ಳೆಯದೇ, ನೊಣದಿಂದ ಬಂದ ಬಗೆಗೆ ಬೇಸಿಗೆಯ ಬಿಸಿ ಆಗಿಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಇಪ್ಪತ್ತು ವರ್ಷ ಇಲ್ಲಿ ನೆನಪಿಗೆ ಬರುತ್ತದೆ. ಡೆಂಗ್ಯೂ ತಡೆಯುವುದರಿಂದ ಉಪಕಾರವಾಗುವುದು ನಮಗೆ. ವೈರಸ್ ಸೊಳ್ಳೆಯ ಮೊಟ್ಟೆಗೆ ಅಷ್ಟೇನೂ ಕುಂದು ತರುವುದಿಲ್ಲವಾದ್ದರಿಂದ ಬ್ಯಾಕ್ಟೀರಿಯಾದ ಕಡತದಲ್ಲಿ ಅದಕ್ಕೆ 1 ಅಂಕವೂ ಇಲ್ಲ. ಕೋಶದೊಳಗೆ ಕಿಕ್ಕಿರಿದು ಬೆಳೆಯುವ ವೊಲ್ಬಾಕಿಯಾ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹಾಗೆ ಕಿಕ್ಕಿರಿಯುವುದು ಹೊತ್ತವಳಿಗೆ ಭಾರ. ಸ್ವಲ್ಪ ತೆಳುವಾಗಿ ಬೆಳೆದು ಒಂದೆರಡು ಮೊಟ್ಟೆ ಹೆಚ್ಚು ಇಡಿಸುವ ಬಗೆ ಹುಟ್ಟಿಕೊಂಡರೆ ಅದೇ ಹಬ್ಬಬೇಕು, ಡೆಂಗ್ಯೂ ತಡೆ ಸಡಿಲವಾಗಬೇಕು. ಸದ್ಯಕ್ಕೆ ಹಾಗಾಗಿಲ್ಲ, ಕೇನ್ಸ್ ಸುತ್ತಿನ ಸೊಳ್ಳೆಗಳಲ್ಲಿ ಹತ್ತು ವರ್ಷ ಕಳೆದರೂ ವೊಲ್ಬಾಕಿಯಾದ ಜೀನೋಮ್ ಹೆಚ್ಚುಕಡಿಮೆ ಬಿಟ್ಟಾಗಿನಂತೆಯೇ ಇದೆ ಎಂದು 2022ರ ವರದಿ ಹೇಳುತ್ತದೆ. ಆದರೂ ಸೊಳ್ಳೆ ಬಿಟ್ಟ ಊರುಗಳಲ್ಲಿ ಆಸ್ಪತ್ರೆಯ ಡೆಂಗ್ಯೂ ರೋಗಿಗಳನ್ನು ಎಣಿಸಿದರಷ್ಟೇ ಸಾಲದು. ವರ್ಷಕ್ಕೊಮ್ಮೆಯಾದರೂ ಸೋಂಕಿತ ಹೆಣ್ಣು ಸೊಳ್ಳೆಗಳನ್ನು ಹಿಡಿದು ತಂದು, ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿ ಕೂಡಿಹಾಕಿ, ಎಷ್ಟು ಮೊಟ್ಟೆಯಿಟ್ಟಿತು ಎಂದು ಎಣಿಸಿ ಬರೆದಿಡುವವರೂ ಬೇಕು.